ನಮ್ಮ ಕಲ್ಲಿಗೂ ಒಂದು ಕಡತ ಬೇಕು

(ಅಮೃತಾಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದೆ.)



ನೀವೆಲ್ಲ ಬೆಳಿಗ್ಗೆ ಅಮೃತೇಶ್ವರನ ಗುಡಿ ನೋಡ್ಕೊಂಡು ಬಂದಿದ್ದೀರಿ. ಚೆನ್ನಾಗಿದೆ ಅಲ್ವಾ? ನಾನೂ ಒಪ್ತೀನಿ. 1196ರಲ್ಲಿ ಕಟ್ಟಿದ್ದು. ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ಕಾಲ. ಕಟ್ಟಿಸಿದವನು ಅಮೃತೇಶ್ವರ ದಂಡನಾಯಕ. ಹೊರಗಡೆ ರಾಮಾಯಣದ 70 ಫಲಕ, ಕೃಷ್ಣನ ಕತೆಯ 25, ಮಹಾಭಾರತದ 45. ಶಿಲ್ಪಿಗಳ ಪೈಕಿ ಮಲ್ಲಿತಮ್ಮನ ಹೆಸರು ನಮಗೆ ಗೊತ್ತು. ಶಾಸನದ ಪದ್ಯ ಬರೆದ ಕವಿ ಜನ್ನನ ಹೆಸರೂ ಗೊತ್ತು. ಎಂಟುನೂರು ವರ್ಷ ಕಳೆದರೂ ಮಾಡಿಸಿದವನು, ಕೆತ್ತಿದವನು, ಬರೆದವನು, ಮೂವರೂ ಉಳಿದಿದ್ದಾರೆ. ಕಲ್ಲು ಹೊತ್ತವರ ಹೆಸರು ಮಾತ್ರ ಯಾವ ಗೋಡೆ ಮೇಲೂ ಇಲ್ಲ. ಹೋಗಲಿ, ಅದು ಹಳೇ ಲೆಕ್ಕ.

ನಾನು ಗುಡಿಯನ್ನ ಬೈಯೋಕೆ ಬಂದಿಲ್ಲ. ಆ ಗುಡಿಯನ್ನ ಹೇಗೆ ಕಾಯ್ತಾರೆ ಅನ್ನೋದನ್ನ ನೋಡಿ ಅಂತೀನಿ. ಅದಕ್ಕೆ 1958ರ ಒಂದು ಕಾಯ್ದೆ ಇದೆ. ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆ ಇದೆ. ಸುತ್ತ ಬೇಲಿ ಇದೆ. ಬೋರ್ಡು ಇದೆ. 2010ರಲ್ಲಿ ಕಾಯ್ದೆ ತಿದ್ದಿದ ಮೇಲೆ ನೂರು ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ. ಸ್ಮಾರಕಕ್ಕೆ ಹಾನಿ ಮಾಡಿದವನಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸರಿಯಾಗಿಯೇ ಇದೆ. ಕಾಪಾಡಬೇಕು.

ನನಗೆ ಇದರಿಂದ ಒಂದು ವಿಷಯ ಖಾತ್ರಿಯಾಯಿತು. ಕಲ್ಲನ್ನ ಕಾಯೋದು ಹೇಗೆ ಅಂತ ಈ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿದೆ. ಒಂದು ಪಟ್ಟಿ, ಒಂದು ಬೇಲಿ, ಒಂದು ಬೋರ್ಡು, ಒಂದು ಕಾನೂನು. ನಾಲ್ಕೇ ನಾಲ್ಕು. ಹಾಗಿದ್ದ ಮೇಲೆ ನಮ್ಮ ಕೇರಿಯ ಸ್ಮಶಾನದಲ್ಲಿ ಗೋರಿಕಲ್ಲು ಒಡೆದು ಬಿದ್ದಾಗ "ಯಾವುದೋ ಕಲ್ಲಂತೆ ಬಿಡಪ್ಪ" ಅಂತಾರಲ್ಲ, ಅದು ಯಾಕೆ? ಇವತ್ತು ಆ ಪ್ರಶ್ನೆ ಇಟ್ಕೊಂಡು ನಾಲ್ಕು ಮಾತು ಆಡ್ತೀನಿ. ನಾನು ಲಾಯರಲ್ಲ. ಬಿ.ಎ. ಓದಿ ಪದ್ಯ ಬರ್ಕೊಂಡಿರೋನು. ಆದರೆ ಅರ್ಜಿ ಬರೆಯೋಕೂ ಕನ್ನಡವೇ ಸಾಕು.

ನಮ್ಮ ಸ್ಮಶಾನ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಊರಿಂದಾಚೆ, ಕೆರೆ ಕೋಡಿಯ ಕೆಳಗೋ ಹಳ್ಳದ ದಂಡೆಯಲ್ಲೋ, ಬೇಡದ ಮೂಲೆಯಲ್ಲಿ. ಲಂಟಾನ, ಜಾಲಿ, ಪಾಪಾಸುಕಳ್ಳಿ. ನಾವು ಬಹುಪಾಲು ಸುಡೋರಲ್ಲ, ಮಣ್ಣು ಮಾಡೋರು. ಮಣ್ಣು ಮಾಡಿ, ಮೂರನೇ ದಿನ ಹಾಲು ತುಪ್ಪ ಬಿಟ್ಟು, ತಲೆದೆಸೆಗೆ ಒಂದು ಕಲ್ಲು ನೆಡ್ತೀವಿ. ಬರೀ ಕಾಡುಗಲ್ಲು. ಅದೇ ಅಜ್ಜಿ. ಅದೇ ತಾತ. ಆಮೇಲೆ ಕೇರಿಯಲ್ಲಿ ಯಾರೋ ಒಬ್ಬ ಮೇಷ್ಟ್ರಾದ, ಯಾರೋ ಒಬ್ಬ ಕೆ.ಇ.ಬಿ.ಗೆ ಸೇರಿದ. ಅವರು ಸಂಬಳದಲ್ಲಿ ಉಳಿಸಿ ಅಪ್ಪನ ಗುಂಡಿ ಮೇಲೆ ಸಿಮೆಂಟು ಕಟ್ಟೆ ಕಟ್ಟಿಸಿದರು. ಕಡಪ ಕಲ್ಲಿನ ಮೇಲೆ ಹೆಸರು ಕೆತ್ತಿಸಿದರು. ಜನನ ಗೊತ್ತಿಲ್ಲ, ಮರಣ ಇಂಥಾ ದಿನ. ಮೇಲೆ ಬಾಬಾಸಾಹೇಬರ ಚಿತ್ರ, ಇಲ್ಲವೇ ಒಂದು ಚಕ್ರ.

ಆ ಕಡಪ ಕಲ್ಲು ಅಂದ್ರೆ ಏನು ಅಂತ ಯೋಚನೆ ಮಾಡಿ. ನಮ್ಮ ತಾತಂದಿರಿಗೆ ಪಹಣಿ ಇರಲಿಲ್ಲ. ಶಾಲೆ ದಾಖಲಾತಿ ಇರಲಿಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಅದಾದ ಮೇಲೂ ಕೇರಿಯ ಎಷ್ಟೋ ಸಾವುಗಳು ಯಾವ ಪುಸ್ತಕಕ್ಕೂ ಏರಲಿಲ್ಲ. ಸಾಲದ ಪತ್ರಕ್ಕೆ ಒತ್ತಿದ ಹೆಬ್ಬೆಟ್ಟು ಬಿಟ್ಟರೆ ಅವರು ಈ ಭೂಮಿ ಮೇಲೆ ಇದ್ದರು ಅನ್ನೋದಕ್ಕೆ ಬರಹದಲ್ಲಿ ಏನಿದೆ? ಆ ಕಲ್ಲೊಂದೇ. ಓದಲು ಬಾರದವನ ಹೆಸರನ್ನ ಓದಿದ ಮಗ ಬರೆಸಿದ ಮೊದಲ ಅಕ್ಷರ ಅದು. ದಂಡನಾಯಕನಿಗೆ ಶಾಸನ ಇದ್ದ ಹಾಗೆ ನಮಗೆ ಅದು ಶಾಸನ.

ಇನ್ನೊಂದು ಮಾತು ಇದೆ, ಅದು ಹೊಟ್ಟೆ ಉರಿಯೋ ಮಾತು. ಊರಲ್ಲಿ ಯಾರೇ ಸಾಯಲಿ, ಸಾವಿನ ಸುದ್ದಿ ಹೊತ್ತು ನೆಂಟರೂರಿಗೆ ಓಡಿದವರು ಯಾರು? ತಮಟೆ ಹೊಡೆದವರು ಯಾರು? ಗುಂಡಿ ತೋಡಿದವರು, ಸೌದೆ ಹೊತ್ತವರು ಯಾರು? ಒಂದು ಹೊತ್ತಿನ ಊಟಕ್ಕೆ, ಒಂದು ಸೇರು ರಾಗಿಗೆ, ಎಷ್ಟೋ ಸಲ ಅದೂ ಇಲ್ಲದೆ ಬಿಟ್ಟಿ ದುಡಿದವರು ನಮ್ಮೋರು. ವಂಶಪಾರಂಪರ್ಯದ ಗ್ರಾಮ ಚಾಕರಿಯನ್ನ ಕಾಯ್ದೆ ಮಾಡಿ ರದ್ದು ಮಾಡಿದ್ದು 1961ರಲ್ಲಿ. ಕಾಗದದಲ್ಲಿ ಹೋದದ್ದು ರೂಢಿಯಲ್ಲಿ ಹೋಗೋಕೆ ಇನ್ನೂ ಎಷ್ಟೋ ವರ್ಷ ಹಿಡೀತು. ಊರಿನ ಸಾವುಗಳಿಗೆಲ್ಲ ಗುಂಡಿ ತೋಡಿದ ಕೈಗೆ ತನ್ನದೇ ಸಾವಿಗೆ ಆರಡಿ ಮೂರಡಿ ಗಟ್ಟಿಯಿಲ್ಲ. ಇದಕ್ಕಿಂತ ದೊಡ್ಡ ಅಪಹಾಸ್ಯ ಇನ್ನೇನಿದೆ?

ಈಗ ಕಲ್ಲು ಒಡೆಯೋರು ಯಾರು ಅನ್ನೋದಕ್ಕೆ ಬರೋಣ. ನಾವು ತಕ್ಷಣ ಕಣ್ಮುಂದೆ ತಂದ್ಕೊಳ್ಳೋದು ರಾತ್ರಿ ಹೊತ್ತು ಹಾರೆ ಹಿಡಿದು ಬರೋ ಪುಂಡನನ್ನ. ಅಂಥೋರೂ ಇದ್ದಾರೆ. ಆದರೆ ಬಹಳ ಸಲ ಕಲ್ಲು ಒಡೆಯೋದು ಹಾಡುಹಗಲೇ. ಪಕ್ಕದ ಹೊಲದವನು ವರ್ಷಕ್ಕೆ ಎರಡು ಸಾಲು ಉಳುಮೆ ಮುಂದಕ್ಕೆ ತರ್ತಾನೆ. ಹತ್ತು ವರ್ಷಕ್ಕೆ ಇಪ್ಪತ್ತು ಸಾಲು, ಅಷ್ಟರಲ್ಲಿ ನಿಮ್ಮ ಮುತ್ತಜ್ಜಿ ಅವನ ಅಡಿಕೆ ತೋಟದ ಒಳಗಿರ್ತಾಳೆ. ರಸ್ತೆ ಅಗಲ ಮಾಡೋರು ಬರ್ತಾರೆ. ಪೈಪ್‌ಲೈನಿನೋರು ಬರ್ತಾರೆ. ಎಲ್ಲಕ್ಕಿಂತ ವಿಚಿತ್ರ ಅಂದ್ರೆ "ಸ್ಮಶಾನ ಅಭಿವೃದ್ಧಿ" ಅಂತ ಬಿಲ್ಲು ಮಾಡಿದೋರೇ ಜೆಸಿಬಿ ತಂದು ಗೋರಿಗಳನ್ನ ಮಟ್ಟ ಮಾಡ್ತಾರೆ. ಸತ್ತವರಿಗೆ ಸೌಕರ್ಯ ಮಾಡೋಕೆ ಸತ್ತವರನ್ನೇ ಅಳಿಸೋದು!

ನನ್ನ ತಾಯಿಯ ತವರೂರಲ್ಲಿ ಆದದ್ದು ಇದೇ. ಊರಿನ ಹೆಸರು, ಪಂಚಾಯ್ತಿಯ ಹೆಸರು ಹೇಳಲ್ಲ. ಅಲ್ಲಿ ಕೆಲಸ ಇನ್ನೂ ನಡೀತಿದೆ, ಹೆಸರು ಹೇಳಿದರೆ ಅಲ್ಲೇ ಬಾಳಬೇಕಾದೋರಿಗೆ ತೊಂದರೆ. ಸ್ಮಶಾನಕ್ಕೆ ತಂತಿಬೇಲಿ ಮತ್ತೆ ಒಂದು ನೆರಳಿನ ಶೆಡ್ಡು ಅಂತ ಕಂಟ್ರಾಕ್ಟ್ ಆಯಿತು. ಒಂದು ದಿನ ಬೆಳಿಗ್ಗೆ ಕೇರಿಯೋರೆಲ್ಲ ಕೂಲಿಗೆ ಹೋಗಿದ್ದಾಗ ಮೆಷೀನು ಬಂತು. ಸಂಜೆ ಬಂದು ನೋಡಿದರೆ ಹದಿನೇಳು ಕಲ್ಲು ಒಂದು ಗುಡ್ಡೆ. ಎಂಟು ಮುರಿದಿವೆ. ಕಟ್ಟೆಗಳ ಗುರುತೇ ಇಲ್ಲ. ಯಾವ ಕಲ್ಲು ಯಾರ ತಲೆದೆಸೆಯದು ಅಂತ ಹೇಳೋಕೆ ಬರಲ್ಲ.

ಮಾರನೇ ದಿನ ಪಂಚಾಯ್ತಿ ಕಚೇರಿಗೆ ಹೋದ್ವಿ. ನಮಗೆ ಸಿಕ್ಕಿದ್ದು ಮೂರು ಉತ್ತರ. ನೀವು ಎಲ್ಲೇ ಹೋಗಿ, ಈ ಮೂರೇ ಸಿಗೋದು. ಬರ್ಕೊಳ್ಳಿ.

ಒಂದು: "ಅಲ್ಲಿ ಗೋರಿ ಇದೆ ಅಂತ ನಮಗೆ ಗೊತ್ತಿರಲಿಲ್ಲ."
ಎರಡು: "ದಾಖಲೆಯಲ್ಲಿ ಅದು ಸ್ಮಶಾನ ಅಂತಲೇ ಇಲ್ಲ, ಗೋಮಾಳ ಅಂತಿದೆ."
ಮೂರು: "ನಾವಲ್ಲ ಮಾಡಿದ್ದು, ಕಂಟ್ರಾಕ್ಟರು."

ಆಮೇಲೆ ನಾಲ್ಕನೇದೂ ಬಂತು, ಆದರೆ ಕಚೇರಿಯಲ್ಲಲ್ಲ. ಸಂಜೆ ಮೇಲೆ ಒಬ್ಬ ದೊಡ್ಡ ಮನುಷ್ಯರ ಜಗಲಿಯಲ್ಲಿ. "ಮನೆಗೆ ಎರಡೆರಡು ಸಾವಿರ ಕೊಡಿಸ್ತೀವಿ, ಮುಗಿಸ್ಕೊಳ್ಳಿ, ಊರಲ್ಲಿ ಹೊಂದ್ಕೊಂಡು ಹೋಗಬೇಕಲ್ವಾ?" ನಮ್ಮ ಹಿರಿಯರು ಒಪ್ಪೋ ಹಾಗಿದ್ರು. ತಪ್ಪಲ್ಲ, ಕೂಲಿ ಮಾಡೋ ಮನೆಗೆ ಎರಡು ಸಾವಿರ ದೊಡ್ಡದು. ಆಗ ನಮ್ಮ ಚಿಕ್ಕಜ್ಜಿ ನೆಲದಲ್ಲಿ ಕೂತಿದ್ದೋಳು ಕೇಳಿದ್ಲು: "ದುಡ್ಡು ಕೊಡ್ತೀರಲ್ಲ ಸ್ವಾಮಿ, ಯಾತಕ್ಕೆ ಅಂತ ಬರ್ಕೊಡ್ತೀರಾ?" ಜಗಲಿ ತಣ್ಣಗಾಯಿತು. ಬರ್ಕೊಡೋಕೆ ಯಾರೂ ತಯಾರಿರಲಿಲ್ಲ.

ಗೆಳೆಯರೇ, ಅಕ್ಷರ ಬಾರದ ಆ ಮುದುಕಿ ಹೇಳಿದ್ದೇ ನನ್ನ ಇವತ್ತಿನ ಭಾಷಣ. ಉಳಿದದ್ದೆಲ್ಲ ಅದಕ್ಕೆ ವಿವರಣೆ. ದುಡ್ಡು ಕೊಡೋದು ಅವರಿಗೆ ಕಷ್ಟ ಅಲ್ಲ. ಬರ್ಕೊಡೋದು ಕಷ್ಟ. ಯಾಕಂದ್ರೆ ಬರೆದ ಕೂಡಲೇ ಅಲ್ಲಿ ಸ್ಮಶಾನ ಇತ್ತು ಅಂತಾಯಿತು. ಅದು ನಮ್ಮದು ಅಂತಾಯಿತು. ಒಡೆದದ್ದು ತಪ್ಪು ಅಂತಾಯಿತು. ಮುಂದೆ ಇನ್ನೊಬ್ಬ "ಗೊತ್ತಿರಲಿಲ್ಲ" ಅನ್ನೋ ಹಾಗಿಲ್ಲ. ಅದಕ್ಕೇ ನಾವು ಪಂಚಾಯ್ತಿಯಿಂದ ಮೊದಲು ಕೇಳಬೇಕಾದ್ದು ಪರಿಹಾರದ ಹಣ ಅಲ್ಲ. ಬರಹ.

ಈಗ ಕಾನೂನು. ಆಕಳಿಸಬೇಡಿ, ಇದು ಪರೀಕ್ಷೆಗಲ್ಲ, ಬದುಕಿಗೆ.

ಸ್ಮಶಾನ ಯಾರ ಜವಾಬ್ದಾರಿ? ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಹತ್ತನೇ ವಿಷಯ ಹೂಳುವ ಜಾಗ, ಸುಡುವ ಜಾಗ. ಅಂದ್ರೆ ದಿಲ್ಲಿ ಕಡೆ ಕೈ ತೋರಿಸೋ ಹಾಗಿಲ್ಲ. ಹಳ್ಳಿಯಲ್ಲಿ ಅದನ್ನ ನೋಡ್ಕೊಳ್ಳೋ ಕೆಲಸ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಗ್ರಾಮ ಪಂಚಾಯ್ತಿಯದು. ತರೀಕೆರೆ, ಕಡೂರಿನಂಥ ಪಟ್ಟಣದಲ್ಲಿ ಪುರಸಭೆಯದು. ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ಹದಿನಾಲ್ಕನೇ ವಿಷಯ ಅದು. ಜಾಗ ಇಲ್ಲದಿದ್ದರೆ ಸರ್ಕಾರಿ ಜಮೀನನ್ನ ಸ್ಮಶಾನಕ್ಕೆ ಅಂತ ಕಾಯ್ದಿರಿಸೋ ಅಧಿಕಾರ 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಲ್ಲಿ ಜಿಲ್ಲಾಧಿಕಾರಿಗೆ ಇದೆ. ಸ್ಮಶಾನ ಇಲ್ಲದ ಹಳ್ಳಿಗಳಿಗೆ ಜಾಗ ಕೊಡಿ ಅಂತ ಕರ್ನಾಟಕ ಹೈಕೋರ್ಟು 2019ರಲ್ಲೇ ಸರ್ಕಾರಕ್ಕೆ ಆದೇಶ ಮಾಡಿತು. ಆದೇಶ ಸರಿಯಾಗಿ ಜಾರಿಯಾಗಲಿಲ್ಲ ಅಂತ ನ್ಯಾಯಾಂಗ ನಿಂದನೆಯ ಅರ್ಜಿಯೂ ಅದೇ ಕೋರ್ಟಿಗೆ ಹೋಯಿತು. ಹೆಣ ಹೂಳೋಕೂ ಹೈಕೋರ್ಟಿಗೆ ಹೋಗಬೇಕಾದ ರಾಜ್ಯ ನಮ್ಮದು!

ಒಡೆದವನಿಗೆ ಏನು? 1860ರಲ್ಲಿ ಬ್ರಿಟಿಷರು ಮಾಡಿದ ದಂಡ ಸಂಹಿತೆಯಲ್ಲೇ 297ನೇ ಕಲಂ ಇತ್ತು, ಹೂಳುವ ಜಾಗಕ್ಕೆ ಅತಿಕ್ರಮವಾಗಿ ನುಗ್ಗೋದು ಅಪರಾಧ ಅಂತ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 301ನೇ ಕಲಂ. ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಅದರಲ್ಲಿ ಒಂದು ಗಂಟು ಇದೆ. ಮನಸ್ಸು ನೋಯಿಸೋ ಉದ್ದೇಶ ಇರಬೇಕು, ಇಲ್ಲವೇ ನೋಯುತ್ತೆ ಅಂತ ಗೊತ್ತಿರಬೇಕು. ಈಗ ಅರ್ಥ ಆಯಿತಾ, ಎಲ್ಲರೂ ಮೊದಲು "ಗೊತ್ತಿರಲಿಲ್ಲ" ಅಂತ ಯಾಕೆ ಅಂತಾರೆ? ಅದು ಮುಗ್ಧತೆ ಅಲ್ಲ, ತಪ್ಪಿಸ್ಕೊಳ್ಳೋ ಬಾಗಿಲು. ಆ ಬಾಗಿಲು ಮುಚ್ಚೋದು ನಮ್ಮ ಕೆಲಸ. ಒಡೆಯೋಕೆ ಮುಂಚೆಯೇ "ಇಲ್ಲಿ ನಮ್ಮೋರು ಮಲಗಿದ್ದಾರೆ" ಅಂತ ಬರೆದುಕೊಟ್ಟು ಸೀಲು ಹಾಕಿಸ್ಕೊಂಡಿದ್ದರೆ "ಗೊತ್ತಿರಲಿಲ್ಲ" ಅನ್ನೋ ಮಾತು ಸುಳ್ಳಾಗುತ್ತೆ.

ನಮಗಾಗಿಯೇ ಇರೋ ಕಾನೂನು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಿಂದ ಶುರುವಾಗುತ್ತೆ. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯಿತು. ಅದರ 4ನೇ ಕಲಮಿನಲ್ಲಿ ಕೆರೆ, ಬಾವಿ, ದಾರಿ ಜೊತೆಗೆ ಸ್ಮಶಾನವೂ ಇದೆ. ಆಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಅದರ 3(1)ಕ್ಕೆ ಹೊಸ ಉಪಕಲಮುಗಳು ಸೇರಿದವು. ಇತರರಿಗೆ ಸಮನಾಗಿ ಸ್ಮಶಾನ ಬಳಸೋಕೆ ಅಡ್ಡಿ ಮಾಡಿದರೆ ಅಪರಾಧ. ನಮ್ಮ ಜನ ಪವಿತ್ರ ಅಂತಲೋ ಗೌರವದ್ದು ಅಂತಲೋ ನಂಬಿದ ವಸ್ತುವನ್ನ ಹಾಳು ಮಾಡಿದರೆ ಅಪರಾಧ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ತನಿಖೆ ಮಾಡಬೇಕಾದೋರು ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಕರ್ತವ್ಯ ಬೇಕಂತಲೇ ಮಾಡದ ನೌಕರನಿಗೆ 4ನೇ ಕಲಂ ಬೇರೆ ಇದೆ. ಮೈ ಮರೆತು ಈ ಕಾಯ್ದೆ ಎತ್ತಬೇಡಿ. ಕೋಪಕ್ಕೆ ಒಂದು ಸುಳ್ಳು ಸೇರಿಸಿದರೆ ಮುಂದಿನ ಹತ್ತು ನಿಜಗಳು ಬಿದ್ದುಹೋಗ್ತವೆ. ನಡೆದದ್ದನ್ನ ನಡೆದ ಹಾಗೆ ಬರೀರಿ.

ಹಳೇ ದಾನಶಾಸನಗಳ ಕೊನೆಯಲ್ಲಿ ಶಾಪ ಹಾಕಿರ್ತಾರೆ, ಈ ಧರ್ಮ ಕೆಡಿಸಿದವನು ಕಾಶಿಯಲ್ಲಿ ಹಸು ಕೊಂದ ಪಾಪಕ್ಕೆ ಹೋಗ್ತಾನೆ ಅಂತ. ನಮ್ಮ ಕಲ್ಲಿಗೆ ಶಾಪ ಬೇಡ. ನಮಗೆ ಸೆಕ್ಷನ್ ಇದೆ.

ಸೆಕ್ಷನ್ ಇದ್ದರೆ ಸಾಕಾ? ಸಾಲದು. ಕೈಯಲ್ಲಿ ಕಾಗದ ಬೇಕು. ನಾವು ಆ ಊರಲ್ಲಿ ಮಾಡಿದ ಕ್ರಮವನ್ನೇ ಹೇಳ್ತೀನಿ, ನಿಮ್ಮೂರಿಗೂ ಬರುತ್ತೆ.

ಮೊದಲು, ಒಡೆದ ಕಲ್ಲನ್ನ ಕದಲಿಸಬೇಡಿ. ದುಃಖಕ್ಕೆ ಎತ್ತಿ ನಿಲ್ಲಿಸೋಕೆ ಹೋಗಬೇಡಿ. ಇದ್ದ ಹಾಗೇ ಫೋಟೋ ತೆಗೀರಿ, ದಿನಾಂಕ ಬೀಳೋ ಹಾಗೆ. ಹತ್ತಿರದ ಮರ, ಕಂಬ, ಬಂಡೆ ಕಾಣಲಿ. ಆಮೇಲೆ ಕಲ್ಲು ಕಲ್ಲಿಗೂ ನಂಬರು ಕೊಟ್ಟು ಪಟ್ಟಿ ಮಾಡಿ: ಯಾರದು, ಯಾವ ವರ್ಷ, ಯಾರು ನೆಟ್ಟರು, ಉದ್ದ ಅಗಲ ಎಷ್ಟು, ಬರಹ ಏನಿತ್ತು, ಈಗ ಏನುಳಿದಿದೆ. ಹೆಸರಿಲ್ಲದ ಕಾಡುಗಲ್ಲನ್ನೂ ಬಿಡಬೇಡಿ. ಕೇರಿಯ ಮುದುಕರನ್ನ, ಮುಖ್ಯವಾಗಿ ಮುದುಕಿಯರನ್ನ ಕರ್ಕೊಂಡು ಹೋಗಿ. ಯಾವ ಕಲ್ಲು ಯಾರದು ಅಂತ ಎಡೆ ಇಡೋ ಹೆಂಗಸರಿಗೆ ಗೊತ್ತಿರೋಷ್ಟು ಗಂಡಸರಿಗೆ ಗೊತ್ತಿರಲ್ಲ. ಅವರ ಮಾತು ಬರ್ಕೊಂಡು, ಓದಿ ಹೇಳಿ, ರುಜು ಇಲ್ಲವೇ ಹೆಬ್ಬೆಟ್ಟು ಹಾಕಿಸಿ. ಈ ಸಲ ಆ ಹೆಬ್ಬೆಟ್ಟು ಸಾಲಕ್ಕಲ್ಲ, ಸಾಕ್ಷಿಗೆ.

ಎರಡನೇದು, ಅರ್ಜಿ. ಪಿಡಿಒಗೆ ಒಂದು, ತಹಶೀಲ್ದಾರರಿಗೆ ಒಂದು, ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಒಂದು. ಬಾಯಿಮಾತು ಬೇಡ. ಪ್ರತಿ ಅರ್ಜಿಯ ನಕಲಿನ ಮೇಲೂ ಸೀಲು, ಸಹಿ, ತಾರೀಖು ಹಾಕಿಸ್ಕೊಳ್ಳಿ. ತಗೊಳ್ಳಲ್ಲ ಅಂದರೆ ಅಂಚೆಯಲ್ಲಿ ಕಳಿಸಿ ರಸೀತಿ ಇಟ್ಕೊಳ್ಳಿ. ಅರ್ಜಿಯಲ್ಲಿ ಕಣ್ಣೀರು ಕಮ್ಮಿ ಇರಲಿ, ಲೆಕ್ಕ ಜಾಸ್ತಿ ಇರಲಿ. ಕವಿಯಾಗಿ ಇದನ್ನ ಹೇಳೋದು ನನಗೆ ಕಷ್ಟ, ಆದರೂ ಹೇಳ್ತೀನಿ.

ಮೂರನೇದು, ಏನು ಕೇಳಬೇಕು ಅನ್ನೋದು. ನಾವು ಐದು ಕೇಳಿದ್ವಿ. ಸ್ಥಳಕ್ಕೆ ಬಂದು ನಮ್ಮೆದುರು ಮಹಜರು ಮಾಡಿ. ಸರ್ವೆ ಮಾಡಿಸಿ, ಹದ್ದು ಗುರುತಿಸಿ, ಪಹಣಿಯಲ್ಲಿ ಸ್ಮಶಾನ ಅಂತ ನಮೂದಿಸಿ. ಒಡೆದ ಕಲ್ಲುಗಳನ್ನ ಅದೇ ಜಾಗದಲ್ಲಿ, ಅದೇ ಬರಹದೊಂದಿಗೆ, ಪಂಚಾಯ್ತಿ ಖರ್ಚಿನಲ್ಲಿ ನಿಲ್ಲಿಸಿ; ಕಂಟ್ರಾಕ್ಟರಿಂದ ವಸೂಲಿ ಮಾಡೋದು ನಿಮ್ಮ ಪಾಡು. ಇನ್ನು ಮುಂದೆ ಸ್ಮಶಾನದಲ್ಲಿ ಏನೇ ಕೆಲಸ ಮಾಡೋ ಮುಂಚೆ ಕೇರಿಗೆ ಡಂಗೂರ ಹೊಡೆಸಿ, ನೋಟಿಸು ಅಂಟಿಸಿ. ಕೊನೇದು, ತಪ್ಪಾಗಿದೆ ಅಂತ ಸಭೆಯ ನಡಾವಳಿ ಪುಸ್ತಕದಲ್ಲಿ ಬರೀರಿ. ಈ ಐದನೇದಕ್ಕೇ ಅವರು ಹೆಚ್ಚು ಹೆದರೋದು. ಅದಕ್ಕೇ ಅದನ್ನ ಬಿಡಬಾರದು.

ಮೂರನೇ ಉತ್ತರ ನೆನಪಿದೆ ತಾನೆ, ಕಂಟ್ರಾಕ್ಟರು ಅನ್ನೋದು? ಅವನನ್ನ ಕರೆಸಿದ್ದು ಯಾರು? ಕೆಲಸದ ಆದೇಶ ಕೊಟ್ಟದ್ದು, ಅಳತೆ ಪುಸ್ತಕಕ್ಕೆ ರುಜು ಹಾಕಿದ್ದು, ಬಿಲ್ಲು ಪಾಸು ಮಾಡಿದ್ದು ಯಾರು? ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದಿದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿರೋರಿಗೆ ಅದೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಆ ಕಾಮಗಾರಿಯ ಅಂದಾಜು ಪಟ್ಟಿ, ಕೆಲಸದ ಆದೇಶ, ಅಳತೆ ಪುಸ್ತಕ, ಬಿಲ್ಲು, ಎಲ್ಲದರ ನಕಲು ಕೇಳಿ. ನಾವು ಕೇಳಿದ್ವಿ. "ಮಟ್ಟ ಮಾಡುವುದು" ಅಂತ ಅಂದಾಜು ಪಟ್ಟಿಯಲ್ಲೇ ಬರೆದಿತ್ತು. ಕಂಟ್ರಾಕ್ಟರು ಅವರು ಹೇಳಿದ್ದನ್ನೇ ಮಾಡಿದ್ದ.

ನಾಲ್ಕನೇದು ಗ್ರಾಮಸಭೆ. ಅಲ್ಲಿಗೆ ಕೇರಿಯಿಂದ ಇಬ್ಬರು ಹೋದರೆ ಕೂರಿಸಿ ಟೀ ಕೊಟ್ಟು ಕಳಿಸ್ತಾರೆ. ಅರವತ್ತು ಜನ ಹೋಗಿ. ವಿಷಯ ಪ್ರಸ್ತಾಪ ಮಾಡಿ, ಪುಸ್ತಕದಲ್ಲಿ ಬರೆಯೋವರೆಗೂ ಏಳಬೇಡಿ. ಬರೆದದ್ದನ್ನ ಗಟ್ಟಿಯಾಗಿ ಓದಿ ಅಂತ ಕೇಳಿ. ಓದಿದ ಮೇಲೆ ರುಜು ಹಾಕಿ. ಅಷ್ಟಕ್ಕೂ ಬಗ್ಗದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇದೆ, ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಇರಲೇಬೇಕಾದ ಸಮಿತಿ. ಲೋಕಾಯುಕ್ತ ಇದೆ. ಸಂವಿಧಾನದ 338ನೇ ವಿಧಿಯ ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗ ಇದೆ. ಮೆಟ್ಟಿಲು ಬಹಳ ಇವೆ. ಪ್ರತಿ ಮೆಟ್ಟಿಲಿನಲ್ಲೂ ಕೆಳಗಿನ ಮೆಟ್ಟಿಲಿನ ಕಾಗದ ಕೇಳ್ತಾರೆ, ಮರೀಬೇಡಿ.

ಆ ಊರಲ್ಲಿ ಏನಾಯಿತು ಅಂತ ಕೇಳ್ತೀರಿ. ಮಹಜರು ಆಗಿದೆ. ಸರ್ವೆ ಆಗಿ ಮೂಲೆಗಳಿಗೆ ಹದ್ದಿನ ಕಲ್ಲು ಬಿದ್ದಿವೆ. ಒಂಬತ್ತು ಗೋರಿಕಲ್ಲು ವಾಪಸ್ಸು ನಿಂತಿವೆ. ಎಂಟು ಇನ್ನೂ ಬಾಕಿ. ನಡಾವಳಿಯಲ್ಲಿ "ತಪ್ಪಾಗಿದೆ" ಅಂತ ಬರೆದಿಲ್ಲ, "ಅಚಾತುರ್ಯದಿಂದ ಹಾನಿಯಾಗಿದೆ" ಅಂತ ಬರೆದಿದ್ದಾರೆ. ಪೂರ್ತಿ ಗೆಲುವು ಅನ್ನಲ್ಲ. ಆದರೆ ಯಾವ ಪಂಚಾಯ್ತಿ "ಅಲ್ಲಿ ಗೋರಿಯೇ ಇಲ್ಲ" ಅಂತಿತ್ತೋ ಅದೇ ಪಂಚಾಯ್ತಿಯ ಪುಸ್ತಕದಲ್ಲಿ ಇವತ್ತು ಹದಿನೇಳು ಹೆಸರಿವೆ. ಬದುಕಿದ್ದಾಗ ಆ ಕಚೇರಿಯ ಒಳಗೆ ಕೂರದಿದ್ದ ಹದಿನೇಳು ಜನ.

ಇದು ನಮ್ಮೊಬ್ಬರ ಕತೆ ಅಲ್ಲ. ತಮಿಳುನಾಡಿನ ವಾಣಿಯಂಬಾಡಿ ಹತ್ತಿರ 2019ರ ಆಗಸ್ಟಿನಲ್ಲಿ ದಲಿತರೊಬ್ಬರ ಹೆಣವನ್ನ ಸೇತುವೆ ಮೇಲಿಂದ ಹಗ್ಗ ಕಟ್ಟಿ ಕೆಳಕ್ಕೆ ಇಳಿಸಬೇಕಾಯಿತು, ಸ್ಮಶಾನಕ್ಕೆ ಹೋಗೋ ದಾರಿಯಲ್ಲಿ ಜಮೀನಿನೋರು ಬಿಡಲಿಲ್ಲ ಅಂತ. ಆ ದೃಶ್ಯ ದೇಶ ನೋಡಿದ ಮೇಲೆ ಮದ್ರಾಸ್ ಹೈಕೋರ್ಟು ತಾನಾಗಿಯೇ ಕೇಸು ಎತ್ತಿಕೊಂಡಿತು. ಇಂಗ್ಲೆಂಡಿನ ಕತೆ ಬೇರೆ. ಅಲ್ಲಿನ ನಗರಸಭೆಗಳು ಸಮಾಧಿ ಕಲ್ಲು ಜನರ ಮೇಲೆ ಬಿದ್ದೀತು ಅಂತ ಸಾವಿರಾರು ಕಲ್ಲುಗಳನ್ನ ನೆಲಕ್ಕೆ ಮಲಗಿಸಿದವು. ಮನೆಯೋರು ಸುಮ್ಮನಿರಲಿಲ್ಲ, ದೂರು ಕೊಟ್ಟರು. 2006ರಲ್ಲಿ ಅಲ್ಲಿನ ಸ್ಥಳೀಯ ಆಡಳಿತದ ಒಂಬುಡ್ಸ್‌ಮನ್ನರು ಇದರ ಬಗ್ಗೆಯೇ ಒಂದು ವಿಶೇಷ ವರದಿ ಹೊರಡಿಸಿದರು. ಅವರ ಕಲ್ಲಿಗೆ ವರದಿ, ನಮ್ಮ ಕಲ್ಲಿಗೆ "ಬಿಡಪ್ಪ".

ನ್ಯೂಯಾರ್ಕಿನ ಕತೆ ನಮಗೆ ಇನ್ನೂ ಹತ್ತಿರ. 1991ರಲ್ಲಿ ಅಲ್ಲಿ ಒಂದು ಸರ್ಕಾರಿ ಕಟ್ಟಡಕ್ಕೆ ಪಾಯ ತೆಗೆಯುವಾಗ ಮೂಳೆಗಳು ಸಿಕ್ಕವು. ಅದು ಗುಲಾಮರಾಗಿ ತಂದ ಕರಿಯರನ್ನ ಹೂಳ್ತಿದ್ದ ಜಾಗ. ನಾನೂರಕ್ಕೂ ಹೆಚ್ಚು ಜನರ ಅವಶೇಷ. ಮೇಲೆ ಕಲ್ಲಿರಲಿಲ್ಲ, ನಗರ ಅವರ ಮೇಲೇ ಬೆಳೆದಿತ್ತು. ಕರಿಯ ಜನ ಬೀದಿಗೆ ಬಂದರು, ಕೆಲಸ ನಿಲ್ಲಿಸಿದರು. 2003ರಲ್ಲಿ ಆ ಮೂಳೆಗಳನ್ನ ಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದರು. 2006ರಲ್ಲಿ ಆ ಜಾಗ ರಾಷ್ಟ್ರೀಯ ಸ್ಮಾರಕವಾಯಿತು. ಅಂದ್ರೆ ಕಲ್ಲೇ ಇಲ್ಲದವರೂ ಕೇಳಿ ತಗೊಂಡರು. ನಮಗೆ ಕಲ್ಲಾದರೂ ಇದೆ.

ನಮ್ಮ ಗೆಳೆಯರಲ್ಲೇ ಕೆಲವರು ನನಗೆ ಕೇಳಿದ್ದಾರೆ: "ಬದುಕಿರೋರಿಗೆ ಮನೆಯಿಲ್ಲ, ಭೂಮಿಯಿಲ್ಲ, ಹಾಸ್ಟೆಲಲ್ಲಿ ಸರಿಯಾದ ಸಾರಿಲ್ಲ. ನೀನು ಸತ್ತೋರ ಕಲ್ಲು ಹಿಡ್ಕೊಂಡು ಓಡಾಡ್ತೀಯ. ಗೋರಿ ಪೂಜೆ ಮೂಢನಂಬಿಕೆ ಅಲ್ವಾ?" ಒಳ್ಳೇ ಪ್ರಶ್ನೆ. ನಾನು ದೆವ್ವ ನಂಬೋನಲ್ಲ. ಸತ್ತವರು ಬಂದು ಎಡೆ ಉಣ್ತಾರೆ ಅಂತಲೂ ನಂಬಲ್ಲ. ಆದರೆ ಸ್ಮಶಾನ ಅಂದ್ರೆ ಭೂಮಿಯ ಪ್ರಶ್ನೆ. ಹತ್ತು ಗುಂಟೆ ಸ್ಮಶಾನ ಉಳಿಸ್ಕೊಳ್ಳೋಕೆ ಕಲಿಯದ ಕೇರಿ ಹತ್ತು ಎಕರೆ ದರಖಾಸ್ತು ಹೇಗೆ ಪಡೆಯುತ್ತೆ? ಅದೇ ತಹಶೀಲ್ದಾರ್, ಅದೇ ಸರ್ವೆ, ಅದೇ ಪಹಣಿ. ಇನ್ನೊಂದು, ಯಾವ ಜನರ ಸತ್ತವರಿಗೆ ಬೆಲೆಯಿಲ್ಲವೋ ಆ ಜನರ ಬದುಕಿಗೂ ಬೆಲೆ ಕಟ್ಟೋರಿಲ್ಲ. ಸಾವಿನ ನಂತರವೂ ದೇಹಕ್ಕೆ ಘನತೆ ಇದೆ ಅಂತ ನಮ್ಮ ಕೋರ್ಟುಗಳೇ ಮತ್ತೆ ಮತ್ತೆ ಹೇಳಿವೆ. ಘನತೆ ಹೆಣಕ್ಕೆ ಇದೆ, ಹೆಸರಿಗೆ ಇಲ್ಲವಾ?

ನಮ್ಮ 'ಊರುಕೇರಿ'ಯ ಸಿದ್ಧಲಿಂಗಯ್ಯ ವಿದ್ಯಾರ್ಥಿಯಾಗಿದ್ದಾಗ ಸ್ಮಶಾನದಲ್ಲಿ ಕೂತು ಓದ್ತಿದ್ದರು, ಬರೀತಿದ್ದರು. 2021ರಲ್ಲಿ ತೀರಿಕೊಂಡ ಆ ಕವಿ ಸ್ಮಶಾನಕ್ಕೆ ಹೆದರಲಿಲ್ಲ, ಅದನ್ನ ಓದೋ ಜಾಗ ಮಾಡ್ಕೊಂಡರು. ಅಲ್ಲಿ ಕೂತು ಓದೋದು ಅವರ ಕಾಲದ ಕೆಲಸ. ಅದನ್ನೇ ಓದೋದು, ಕಲ್ಲು ಕಲ್ಲನ್ನ ಓದಿ ಬರ್ಕೊಳ್ಳೋದು, ನಮ್ಮ ಕಾಲದ ಕೆಲಸ.

ಅದಕ್ಕೇ ಕೊನೆಗೆ ನಿಮಗೆ ಒಂದೇ ಕೆಲಸ ಹೇಳ್ತೀನಿ. ಈ ರಜೆಗೆ ಊರಿಗೆ ಹೋಗ್ತೀರಲ್ಲ, ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಮೊದಲ ಪುಟದಲ್ಲಿ ಊರು, ಹೋಬಳಿ, ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ. ಎರಡನೇ ಪುಟದಿಂದ ಕಲ್ಲುಗಳು. ನಿಮ್ಮೂರಿನ ಸ್ಮಶಾನದಲ್ಲಿ ಇನ್ನೂ ಏನೂ ಒಡೆದಿಲ್ಲ ಅಂತ ಸುಮ್ಮನಿರಬೇಡಿ. ಒಡೆಯೋಕೆ ಮುಂಚೆ ಬರೆದ ಪಟ್ಟಿಗೆ ಇರೋ ಬೆಲೆ ಒಡೆದ ಮೇಲೆ ಬರೆದದ್ದಕ್ಕೆ ಇಲ್ಲ. ಮುದುಕಿಯರು ಇರುವಾಗಲೇ ಬರೀರಿ. ಅವರು ಹೋದ ದಿನ ಅರ್ಧ ಸ್ಮಶಾನ ಅವರ ಜೊತೆಗೇ ಹೋಗುತ್ತೆ. ಬರೆದು ಮೂರು ನಕಲು ಮಾಡಿ. ಒಂದು ಕೇರಿಯಲ್ಲಿ ಇರಲಿ, ಒಂದು ಹಾಸ್ಟೆಲ್ಲಿನ ಗೆಳೆಯರ ಹತ್ತಿರ ಇರಲಿ, ಒಂದು ಪಂಚಾಯ್ತಿಗೆ ಹೋಗಲಿ, ಸೀಲು ಹಾಕಿಸ್ಕೊಂಡು.

ಪಟ್ಟಿ, ಬೇಲಿ, ಬೋರ್ಡು, ಕಾನೂನು ಅಂದೆ ಮೊದಲಿಗೆ. ಕಾನೂನು ಬಾಬಾಸಾಹೇಬರ ಸಂವಿಧಾನದಿಂದ ಬಂದಿದೆ. ಬೇಲಿ, ಬೋರ್ಡು ಪಂಚಾಯ್ತಿ ಹಾಕಬೇಕು, ಹಾಕಿಸೋಣ. ಪಟ್ಟಿ ಮಾತ್ರ ಬೇರೆ ಯಾರೂ ಮಾಡಿಕೊಡಲ್ಲ. ಅದನ್ನ ಬರೆಯೋಕೆ ಬರೋ ಮೊದಲ ತಲೆಮಾರು ನೀವು. ಪೆನ್ನು ಹಿಡೀರಿ.

ಜೈ ಭೀಮ್.